ಕಾರ್ ಬ್ಯಾಟರಿಯ ಸಿಡಿತ

ಮೋಟಾರು ವಾಹನದ ಸೀಸ-ಆಮ್ಲ ಬ್ಯಾಟರಿಯೊಳಗೆ ಕೂಡಿಕೊಂಡ ಹೈಡ್ರೋಜನ್ ಮತ್ತು ಆಮ್ಲಜನಕದ ಮಿಶ್ರಣಕ್ಕೆ ಕಿಡಿ ತಾಗಿ, ಪೆಟ್ಟಿಗೆ ಒಡೆದು, ಪ್ಲಾಸ್ಟಿಕ್ ಚೂರುಗಳೂ ಗಂಧಕಾಮ್ಲವೂ ಚಿಮ್ಮುವ ಅವಘಡ. ಗ್ಯಾರೇಜಿನ ಮಾತಿನಲ್ಲಿ ‘ಬ್ಯಾಟರಿ ಬ್ಲಾಸ್ಟ್’. ಸಿಡಿಯುವುದು ಕರೆಂಟಲ್ಲ, ಆಸಿಡ್ಡೂ ಅಲ್ಲ. ಆಸಿಡ್ಡಿನ ಮಟ್ಟಕ್ಕೂ ಮುಚ್ಚಳಕ್ಕೂ ನಡುವೆ ಖಾಲಿಯೆಂದು ಕಾಣುವ ಜಾಗ. ಇಷ್ಟು ಮನಸ್ಸಿನಲ್ಲಿದ್ದರೆ ಮುಂದೆ ಬರುವ ಎಚ್ಚರಿಕೆಗಳಲ್ಲಿ ಯಾವುದನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ಈ ಲೇಖನ ಶಿವಮೊಗ್ಗ ನಗರ ಮತ್ತು ಭದ್ರಾವತಿಯನ್ನು ಮುಂದಿಟ್ಟುಕೊಂಡಿದೆ. ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಅಂತರದ ಈ ಎರಡು ಊರುಗಳ ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ. ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಗ್ಯಾರೇಜುಗಳೇ ತುಂಬಿದ ಆಟೋ ಕಾಂಪ್ಲೆಕ್ಸ್ ಇದೆ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆಯ ಕುಲುಮೆ ನೋಡಿ ಇಟ್ಟ ಹೆಸರು ಎಂದು ಅನೇಕರು ಭಾವಿಸುತ್ತಾರೆ, ಆದರೆ ಹೆಸರೇ ಹಳೆಯದು, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತಿರುವ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ತಲೆಮಾರುಗಟ್ಟಲೆ ಕರಗಿದ ಕಬ್ಬಿಣದ ಪಕ್ಕದಲ್ಲಿ ದುಡಿದ ಊರಿಗೆ ಹನ್ನೆರಡು ವೋಲ್ಟಿನ ಪೆಟ್ಟಿಗೆ ಭಯ ಹುಟ್ಟಿಸುವುದಿಲ್ಲ. ತೊಂದರೆ ಇರುವುದು ಅಲ್ಲೇ. ಮುಟ್ಟಿದರೆ ಶಾಕ್ ಹೊಡೆಯದ ವಸ್ತುವನ್ನು ಸಾಧು ಎಂದು ತಿಳಿದುಬಿಡುತ್ತೇವೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹೊರವಲಯದ ಹುಣಸೋಡಿನಲ್ಲಿ ಕಲ್ಲುಕ್ವಾರಿಗೆ ಸಂಬಂಧಿಸಿದ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತರು. ಭೂಕಂಪವೆಂದುಕೊಂಡು ದೂರದ ಊರುಗಳ ಜನರೂ ಮನೆಯಿಂದ ಹೊರಗೆ ಓಡಿ ಬಂದರು. ಆ ಬಲಕ್ಕೂ ಬ್ಯಾಟರಿಯ ಸಿಡಿತಕ್ಕೂ ಹೋಲಿಕೆಯೇ ಇಲ್ಲ. ಆದರೂ ಒಂದು ವಿಷಯದಲ್ಲಿ ಬ್ಯಾಟರಿ ಹೆಚ್ಚು ಕಪಟಿ. ಕ್ವಾರಿಯ ಸ್ಫೋಟಕವನ್ನು ಯಾರೋ ತಯಾರಿಸಿ, ಪರವಾನಗಿ ಪಡೆದು, ಸಾಗಿಸಿ ತರಬೇಕು. ಬ್ಯಾಟರಿ ತನಗೆ ಬೇಕಾದ ಉರಿಯುವ ಅನಿಲವನ್ನೂ ಉರಿಸುವ ಅನಿಲವನ್ನೂ ತಾನೇ ತಯಾರಿಸಿಕೊಳ್ಳುತ್ತದೆ. ಅದೂ ಎರಡು ಪಾಲು ಹೈಡ್ರೋಜನ್ನಿಗೆ ಒಂದು ಪಾಲು ಆಮ್ಲಜನಕ ಎಂಬ, ಪೂರ್ತಿ ಉರಿಯಲು ಬೇಕಾದ ತಕ್ಕ ಅಳತೆಯಲ್ಲಿ.

ಅನಿಲದ ಹುಟ್ಟು

ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ರೂಪಿಸಿದ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಕೂಡಿಸಿದ ಮೇಲೆ ಅದು ಕಾರಿನ ಖಾಯಂ ಅಂಗವಾಯಿತು. ಆ ಸ್ಟಾರ್ಟರನ್ನೇ ನಮ್ಮವರು ‘ಸೆಲ್ಫ್’ ಎನ್ನುವುದು. ಪೆಟ್ಟಿಗೆಯೊಳಗೆ ಆರು ಕೋಣೆ. ಒಂದೊಂದರಿಂದ ಎರಡು ವೋಲ್ಟಿಗಿಂತ ತುಸು ಹೆಚ್ಚು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ಸೀಸದ ಫಲಕಗಳು ಮುಳುಗಿರುವ ದ್ರವದಲ್ಲಿ ತೂಕದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಗಂಧಕಾಮ್ಲ, ಉಳಿದದ್ದು ನೀರು.

ಚಾರ್ಜ್ ಮಾಡುವಾಗ ಕರೆಂಟು ಮೊದಲು ಫಲಕಗಳ ರಾಸಾಯನಿಕ ಸ್ಥಿತಿಯನ್ನು ಬದಲಿಸುತ್ತದೆ. ಆ ಕೆಲಸ ಮುಗಿಯುತ್ತ ಬಂದಂತೆ ಮಿಕ್ಕ ಕರೆಂಟು ನೀರನ್ನು ಒಡೆಯತೊಡಗುತ್ತದೆ. ಕೋಣೆಯೊಂದಕ್ಕೆ ಸುಮಾರು 2.4 ವೋಲ್ಟ್, ಅಂದರೆ ಇಡೀ ಬ್ಯಾಟರಿಗೆ 14.4 ವೋಲ್ಟ್ ದಾಟಿದರೆ ಗುಳ್ಳೆ ಏಳುವುದು ಕಣ್ಣಿಗೇ ಕಾಣುತ್ತದೆ. ‘ಬ್ಯಾಟರಿ ಕುದೀತಾ ಇದೆ’ ಎಂದು ಹೇಳುವುದು ಇದನ್ನೇ. ಶಾಖದ ಕುದಿತವಲ್ಲ, ಅನಿಲದ ಕುದಿತ.

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಒಂದು ಚಮಚ, ಅಂದರೆ 5 ಮಿಲಿಲೀಟರ್ ನೀರು ಒಡೆದರೆ ಹೊರಬರುವ ಅನಿಲ ಸುಮಾರು 9 ಲೀಟರ್. ಚಾರ್ಜ್ ಪೂರ್ತಿಯಾದ ಹನ್ನೆರಡು ವೋಲ್ಟಿನ ಬ್ಯಾಟರಿಗೆ ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹೆಚ್ಚಿಗೆ ಹರಿದರೆ ಆರು ಕೋಣೆಗಳಿಂದ ಸೇರಿ ಎರಡೂವರೆ ಲೀಟರ್ ಹೈಡ್ರೋಜನ್ ಏಳುತ್ತದೆ. ಗಾಳಿಯಲ್ಲಿ ಶೇಕಡ 4ರಿಂದ 75ರವರೆಗೆ ಎಷ್ಟೇ ಬೆರೆತಿದ್ದರೂ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಅಡುಗೆ ಅನಿಲಕ್ಕೆ ಈ ವ್ಯಾಪ್ತಿ ಸುಮಾರು 2ರಿಂದ 10 ಮಾತ್ರ. ಹೊತ್ತಿಸಲು ಬೇಕಾದ ಶಕ್ತಿಯಂತೂ ಒಂದು ಮಿಲಿಜೂಲಿನ ಐವತ್ತನೆಯ ಒಂದು ಭಾಗ; ಬೆರಳ ತುದಿಗೆ ಚುರುಕ್ಕೆನ್ನುವ ಸ್ಥಿರವಿದ್ಯುತ್ತಿನ ಕಿಡಿಯಲ್ಲಿ ಅದರ ಹತ್ತಾರು ಪಟ್ಟು ಶಕ್ತಿ ಇರುತ್ತದೆ. ಅಡುಗೆ ಅನಿಲ ಸೋರಿದರೆ ತಿಳಿಯಲಿ ಎಂದು ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ. ಹೈಡ್ರೋಜನ್ನಿಗೆ ವಾಸನೆ ಇಲ್ಲ, ಬಣ್ಣವಿಲ್ಲ, ಹಗಲಲ್ಲಿ ಅದರ ಜ್ವಾಲೆಯೂ ಸರಿಯಾಗಿ ಕಾಣುವುದಿಲ್ಲ.

ನೀರು ಇಳಿದ ಬ್ಯಾಟರಿ

ತುಂಬಿದ ಬ್ಯಾಟರಿಯಲ್ಲಿ ಅನಿಲ ನಿಲ್ಲಲು ಜಾಗ ಕಡಿಮೆ. ನೀರು ಆರಿ ಮಟ್ಟ ಇಳಿದಂತೆ ಆ ಜಾಗ ಹಿಗ್ಗುತ್ತದೆ, ಜೊತೆಗೆ ಫಲಕಗಳ ತಲೆ ಬಯಲಾಗುತ್ತದೆ. ಒಂದು ಕೋಣೆಯನ್ನು ಇನ್ನೊಂದಕ್ಕೆ ಕೂಡಿಸುವ ಸೀಸದ ಬೆಸುಗೆ ವರ್ಷಗಳ ಅದುರುವಿಕೆ ಮತ್ತು ತುಕ್ಕಿನಿಂದ ಬಿರುಕು ಬಿಟ್ಟಿದ್ದರೂ, ಬ್ಯಾಟರಿ ಲೈಟು ಉರಿಸುತ್ತದೆ, ಹಾರ್ನ್ ಹೊಡೆಯುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದಾಗ ಮಾತ್ರ ಒಮ್ಮೆಗೇ ನೂರು, ಡೀಸೆಲ್ ಗಾಡಿಯಾದರೆ ಅದಕ್ಕೂ ಎಷ್ಟೋ ಹೆಚ್ಚು ಆಂಪಿಯರ್ ಆ ಬಿರುಕಿನ ಮೂಲಕ ನುಗ್ಗಬೇಕು. ಅಲ್ಲಿ ಕಿಡಿ ಹಾರುತ್ತದೆ. ಕಿಡಿಯ ಸುತ್ತ ಇರುವುದು ಅದೇ ಅನಿಲ. ಯಾರೂ ಬೀಡಿ ಸೇದದೆ, ಯಾರೂ ತಂತಿ ಮುಟ್ಟಿಸದೆ, ಬಾನೆಟ್ ಮುಚ್ಚಿಯೇ ಇದ್ದಾಗ ‘ಢಂ’ ಎಂದು ಸಿಡಿಯುವ ಬ್ಯಾಟರಿಗಳ ಕಥೆ ಸಾಮಾನ್ಯವಾಗಿ ಇದೇ.

ಮಾರ್ಚಿನಿಂದ ಮೇವರೆಗಿನ ಶಿವಮೊಗ್ಗದ ಸೆಕೆ ನೀರನ್ನು ಆರಿಸುತ್ತದೆ. ಬೇಸಿಗೆಯಲ್ಲಿ ಬ್ಯಾಟರಿ ಕಡೆ ನೋಡದವರು ಜೂನ್ ಮಳೆಗೆ ವೈಪರ್, ಹೆಡ್‌ಲೈಟ್, ಫ್ಯಾನು ಎಲ್ಲವನ್ನೂ ಒಟ್ಟಿಗೆ ಹಾಕುತ್ತಾರೆ. ಹೀಗೆ ಬೇಸಿಗೆಯ ಉದಾಸೀನದ ಫಲ ಮಳೆಗಾಲದಲ್ಲಿ ಕೈಗೆ ಬರುತ್ತದೆ. ವಾಹನದ ಚಾರ್ಜಿಂಗ್ ವ್ಯವಸ್ಥೆ ಕೆಟ್ಟಿದ್ದರೂ ನೀರು ಬೇಗ ಇಳಿಯುತ್ತದೆ. ಹಳಬರು ಈಗಲೂ ಡೈನಮೊ ಎನ್ನುವ ಆಲ್ಟರ್ನೇಟರು ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ಕೊಡಬೇಕು. ಹದಿನೈದು ದಾಟಿದರೆ ರೆಗ್ಯುಲೇಟರ್ ಹಾಳಾಗಿದೆ. ಪದೇ ಪದೇ ನೀರು ಕೇಳುವ, ಪಕ್ಕೆ ಉಬ್ಬಿದ, ಕೊಳೆತ ಮೊಟ್ಟೆಯ ವಾಸನೆ ಬರುವ ಬ್ಯಾಟರಿಯನ್ನು ‘ಇನ್ನೊಂದು ತಿಂಗಳು ಓಡಲಿ’ ಎಂದು ಉಳಿಸಿಕೊಳ್ಳುವುದು ಉಳಿತಾಯವಲ್ಲ.

ಹಾಕಬೇಕಾದದ್ದು ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್. ನಲ್ಲಿಯ ನೀರಾಗಲಿ ಬಾವಿಯ ನೀರಾಗಲಿ ತನ್ನ ಲವಣಗಳನ್ನು ಫಲಕಕ್ಕೆ ಬಿಟ್ಟುಹೋಗುತ್ತದೆ. ಆಸಿಡ್ ಹಾಕಬಾರದು, ಆರಿಹೋದದ್ದು ನೀರೇ ಹೊರತು ಆಸಿಡ್ ಅಲ್ಲ. ಫಲಕ ಬಯಲಾಗಿದ್ದರೆ ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಬೇಕು. ಚಾರ್ಜ್ ಆಗುವಾಗ ಮಟ್ಟ ಏರುವುದರಿಂದ, ಮೊದಲೇ ತುಂಬಿದರೆ ಆಸಿಡ್ ಉಕ್ಕಿ ಟ್ರೇ ತುಕ್ಕು ಹಿಡಿಯುತ್ತದೆ. ಮಟ್ಟ ನೋಡಲು ರಾತ್ರಿ ಬೆಂಕಿಕಡ್ಡಿ ಗೀರಿ ರಂಧ್ರದ ಮೇಲೆ ಹಿಡಿಯುವ ಹಳೆಯ ಅಭ್ಯಾಸವನ್ನು ಎಚ್ಚರಿಕೆಯ ಫಲಕಗಳಿಗಿಂತ ಮೊಬೈಲ್ ಟಾರ್ಚೇ ಹೆಚ್ಚಾಗಿ ತಗ್ಗಿಸಿದೆ.

ಹೊರಗಿನ ಕಿಡಿ

ಬ್ಯಾಟರಿಯಲ್ಲಿ ದಮ್ಮಿದೆಯೇ ನೋಡಲು ತಂತಿಯ ತುಂಡನ್ನೋ ಸ್ಪ್ಯಾನರನ್ನೋ ಪ್ಲಸ್-ಮೈನಸ್ ನಡುವೆ ಸವರಿ ‘ಕಿಡಿ ಹಾರಿಸಿ ನೋಡುವುದು’ ರಸ್ತೆಬದಿಯ ಪರೀಕ್ಷೆ. ಅನಿಲದ ರಂಧ್ರದ ಪಕ್ಕದಲ್ಲೇ ಬೇಕೆಂದು ಕಿಡಿ ಹಚ್ಚುವ ಈ ಪರೀಕ್ಷೆಗಿಂತ ಕೆಟ್ಟದ್ದು ಇನ್ನೊಂದಿಲ್ಲ. ಅದರಿಂದ ತಿಳಿಯುವುದೂ ಏನಿಲ್ಲ; ಸಾಯುವ ಬ್ಯಾಟರಿಯೂ ಒಳ್ಳೆಯ ಕಿಡಿ ಕೊಡುತ್ತದೆ. ಕೆಲವು ನೂರು ರೂಪಾಯಿಯ ಮೀಟರು ಹೇಳುವುದನ್ನು ಕಿಡಿ ಹೇಳಲಾರದು.

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಕೂಡಿಸುವಾಗ ಮೈನಸ್ ಕೊನೆಗೆ ಎಂಬ ನಿಯಮದ ಹಿಂದೆಯೂ ಕಿಡಿಯ ಲೆಕ್ಕವೇ ಇದೆ. ಗಾಡಿಯ ಇಡೀ ಮೈ ಮೈನಸ್‌ಗೆ ಕೂಡಿರುತ್ತದೆ. ಮೈನಸ್ ಇನ್ನೂ ಇರುವಾಗ ಪ್ಲಸ್ ನಟ್ಟು ಸಡಿಲಿಸಲು ಹೋದರೆ, ಸ್ಪ್ಯಾನರಿನ ಇನ್ನೊಂದು ತುದಿ ಎಲ್ಲಿ ತಗುಲಿದರೂ ಶಾರ್ಟ್. ನೂರಾರು ಆಂಪಿಯರ್ ಹರಿದು ಸ್ಪ್ಯಾನರೇ ಕೆಂಪಾಗಬಹುದು. ಕೈಯಲ್ಲಿ ಉಂಗುರ, ಕಡಗ, ಲೋಹದ ಗಡಿಯಾರವಿದ್ದರೆ ಅದೂ ಹೀಗೆಯೇ. ಉಂಗುರ ಬಿಚ್ಚುವಷ್ಟರಲ್ಲಿ ಬೆರಳು ಸುಟ್ಟಿರುತ್ತದೆ. ಸ್ಥಿರವಿದ್ಯುತ್ತಿನ ಕಿಡಿಯೂ ಸಾಕಾಗುವುದರಿಂದ, ಒಣಬಟ್ಟೆಯಿಂದ ಬ್ಯಾಟರಿಯನ್ನು ತಿಕ್ಕುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಮಳೆಗಾಲದ ತೇವದಲ್ಲಿ ಸ್ಥಿರವಿದ್ಯುತ್ತಿನ ಕಾಟ ಕಡಿಮೆ, ಫೆಬ್ರವರಿ-ಮಾರ್ಚಿನ ಒಣಹವೆಯಲ್ಲಿ ನೈಲಾನ್ ಬಟ್ಟೆಗೆ ಅದು ಬೇಗ ಅಂಟಿಕೊಳ್ಳುತ್ತದೆ.

ಅಂಗಡಿಗಳಲ್ಲಿ ಸಾಲಾಗಿ ಬ್ಯಾಟರಿ ಚಾರ್ಜಿಗೆ ಹಾಕುವ ಜಾಗ ಪ್ರತ್ಯೇಕ ಗಮನಕ್ಕೆ ತಕ್ಕದ್ದು. ತುಂಬಿದ ಮೇಲೆ ತಾನಾಗಿ ನಿಲ್ಲದ ಹಳೆಯ ಚಾರ್ಜರುಗಳು ರಾತ್ರಿಯಿಡೀ ಓಡಿದರೆ ಬೆಳಗಿನ ಜಾವದ ಕರೆಂಟೆಲ್ಲ ಅನಿಲವಾಗಿಯೇ ಹೋಗುತ್ತದೆ. ಆಷಾಢದ ಮಳೆಗೆ ಕಿಟಕಿ ಮುಚ್ಚಿ ಷಟರ್ ಎಳೆದ ಅಂಗಡಿಯಲ್ಲಿ ಅದು ಛಾವಣಿಯಡಿ ಕೂಡುತ್ತದೆ. ಬೆಳಿಗ್ಗೆ ಷಟರ್ ಎತ್ತಿ ಮೊದಲು ಲೈಟಿನ ಸ್ವಿಚ್ಚಿಗೆ ಕೈ ಹಾಕುವುದಕ್ಕಿಂತ, ಬಾಗಿಲು-ಕಿಟಕಿ ತೆರೆದು ಸ್ವಲ್ಪ ಹೊತ್ತು ಬಿಡುವುದು ಜಾಣತನ. ಚಾರ್ಜರ್ ಆಫ್ ಮಾಡದೆ ಕ್ಲಿಪ್ ಕೀಳಬಾರದು; ಕ್ಲಿಪ್ ಬಿಡುವ ಗಳಿಗೆಯ ಕಿಡಿ ಗುಳ್ಳೆಗಳ ನೆತ್ತಿಯ ಮೇಲೆಯೇ ಹಾರುತ್ತದೆ. ಚಾರ್ಜ್ ಮಾಡುವ ವೇಗ ಬ್ಯಾಟರಿಯ ಆಂಪಿಯರ್-ಗಂಟೆಯ ಹತ್ತನೆಯ ಒಂದು ಭಾಗದೊಳಗಿರಬೇಕು: 35 ಆಂಪಿಯರ್-ಗಂಟೆಯ ಸಣ್ಣ ಕಾರಿನ ಬ್ಯಾಟರಿಗೆ ಮೂರೂವರೆ ಆಂಪಿಯರ್. ‘ಅರ್ಧ ಗಂಟೆಯಲ್ಲಿ ಕೊಡಿ’ ಎಂದು ಅವಸರಿಸುವ ಗಿರಾಕಿಯೂ ಅಪಾಯದ ಪಾಲುದಾರನೇ.

ಆಯುಧಪೂಜೆಯ ದಿನ ಈ ಎಲ್ಲವೂ ಒಂದೆಡೆ ಸೇರುತ್ತದೆ. ತೊಳೆದ ಗಾಡಿ, ಬಾಳೆಕಂದು, ಚೆಂಡುಹೂವಿನ ಹಾರ, ಬಾನೆಟ್ ತೆರೆದು ಎಂಜಿನ್ನಿಗೂ ಕುಂಕುಮ. ಅಂಗಡಿಯಲ್ಲಾದರೆ ಚಾರ್ಜರಿಗೂ ಬ್ಯಾಟರಿಗೂ ಊದುಬತ್ತಿ, ಕರ್ಪೂರ. ಹಬ್ಬ ಬೇಡವೆನ್ನುವವರು ಯಾರು? ಹಿಂದಿನ ಸಂಜೆಯೇ ಚಾರ್ಜಿಂಗ್ ನಿಲ್ಲಿಸಿ, ಗಾಳಿಯಾಡಲು ಬಿಟ್ಟು, ಕರ್ಪೂರದ ತಟ್ಟೆಯನ್ನು ಬ್ಯಾಟರಿಯಿಂದ ಆಚೆ ಬೆಳಗಿದರೆ ಪೂಜೆಗೆ ಕುಂದಿಲ್ಲ.

ಇನ್ನೊಂದು ಗಾಡಿಯಿಂದ ಸ್ಟಾರ್ಟ್ ಮಾಡುವುದು

ಬ್ಯಾಟರಿ ಡೌನ್ ಆದ ಕಾರಿಗೆ ಬೇರೆ ಕಾರಿನಿಂದ ಕೇಬಲ್ ಕೊಡುವಾಗ ನಾಲ್ಕು ಜೋಡಣೆಗಳಿರುತ್ತವೆ. ಮೊದಲ ಮೂರಕ್ಕೆ ಕಿಡಿ ಬರುವುದಿಲ್ಲ, ಏಕೆಂದರೆ ಸುತ್ತು ಪೂರ್ತಿಯಾಗಿರುವುದಿಲ್ಲ. ನಾಲ್ಕನೆಯದಕ್ಕೆ ಕಿಡಿ ಖಂಡಿತ. ಹಾಗಾದರೆ ಆ ಕಿಡಿ ಎಲ್ಲಿ ಹಾರಬೇಕೆಂದು ನಾವು ನಿರ್ಧರಿಸಬಹುದು. ಕೆಂಪು ಕೇಬಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕೊನೆಯ ತುದಿಯನ್ನು ಮಾತ್ರ ಸತ್ತ ಬ್ಯಾಟರಿಯ ಮೈನಸ್‌ಗೆ ಕೊಡದೆ, ಆ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ದಪ್ಪ ಲೋಹಕ್ಕೆ, ಬ್ಯಾಟರಿಯಿಂದ ಒಂದೂವರೆ ಅಡಿಯಾದರೂ ದೂರ ಹಿಡಿಸಬೇಕು. ಬಿಚ್ಚುವಾಗ ಇದೇ ಕ್ರಮ ತಿರುಗುಮುರುಗು. ಬ್ಯಾಟರಿ ಸೀಟಿನಡಿ ಅಥವಾ ಡಿಕ್ಕಿಯಲ್ಲಿರುವ ಕಾರುಗಳಲ್ಲಿ ಕಂಪನಿ ಕೈಪಿಡಿ ತೋರಿಸಿದ ಬಿಂದುಗಳನ್ನೇ ಬಳಸಬೇಕು.

ಅಡಿಕೆ, ಕಬ್ಬು, ಮರಳು ಹೊತ್ತ ಲಾರಿಗಳು ಓಡಾಡುವ ರಸ್ತೆಯಲ್ಲಿ ಕೆಟ್ಟು ನಿಂತ ಕಾರಿಗೆ ಲಾರಿಯ ಡ್ರೈವರು ನೆರವಾಗಲು ಬರುವುದು ಸಹಜ. ಅವನ ಔದಾರ್ಯ ದೊಡ್ಡದು, ಅವನ ಲಾರಿಯ ವೋಲ್ಟೇಜೂ ದೊಡ್ಡದು: ಎರಡು ಬ್ಯಾಟರಿ ಸರಣಿಯಲ್ಲಿ ಕೂಡಿಸಿದ 24 ವೋಲ್ಟ್. ಅದನ್ನು ಕಾರಿನ 12 ವೋಲ್ಟಿಗೆ ಕೊಟ್ಟರೆ ಬ್ಯಾಟರಿ ಕ್ಷಣದಲ್ಲಿ ಕುದಿಯುತ್ತದೆ, ಕಾರಿನ ಎಲೆಕ್ಟ್ರಾನಿಕ್ಸ್ ಕೂಡ ಹೋಗುತ್ತದೆ. ಗೇರ್ ಗಾಡಿಯಾದರೆ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವುದು ಇದಕ್ಕಿಂತ ಎಷ್ಟೋ ವಾಸಿ.

ಅಮೆರಿಕ, ಕೆನಡಾದ ಹಿಮದ ಊರುಗಳಲ್ಲಿರುವ ಕನ್ನಡ ಮನೆಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಪೂರ್ತಿ ಚಾರ್ಜ್ ಇರುವ ಬ್ಯಾಟರಿಯ ಆಮ್ಲ ಸೊನ್ನೆಯ ಕೆಳಗೆ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಸೊನ್ನೆಯ ಕೆಳಗೆ ಹತ್ತು ಡಿಗ್ರಿಯೊಳಗೇ ಗಟ್ಟಿಯಾಗುತ್ತದೆ. ಮಂಜುಗಟ್ಟಿದ ಬ್ಯಾಟರಿಗೆ ಕೇಬಲ್ ಕೊಟ್ಟರೆ ಅನಿಲ ಹೊರಹೋಗಲು ದಾರಿಯಿಲ್ಲದೆ ಸಿಡಿಯಬಹುದು. ಮಲೆನಾಡಿಗರಿಗೆ ಈ ಚಿಂತೆ ಇಲ್ಲ.

ಮನೆಯೊಳಗಿನ ಬ್ಯಾಟರಿ

ಜೋಗದ ವಿದ್ಯುತ್ತನ್ನು ನಾಡಿಗೆ ಕೊಟ್ಟ ಜಿಲ್ಲೆಯ ಮನೆಗಳಲ್ಲೂ ಮಳೆಗಾಲಕ್ಕೆ ಇನ್ವರ್ಟರ್ ಬೇಕು. ಅದರ 150 ಆಂಪಿಯರ್-ಗಂಟೆಯ ಬ್ಯಾಟರಿ ಕಾರಿನದರ ನಾಲ್ಕು ಪಟ್ಟು ದೊಡ್ಡದು, ಇಡುವ ಜಾಗ ಮಾತ್ರ ಮೆಟ್ಟಿಲ ಕೆಳಗಿನ ಕಪಾಟು. ಚಾರ್ಜರ್ ಕೆಟ್ಟು 15 ಆಂಪಿಯರ್ ಹರಿಯುತ್ತಲೇ ಇದ್ದರೆ ಗಂಟೆಗೆ ಮೂವತ್ತೇಳು ಲೀಟರಿನಷ್ಟು ಹೈಡ್ರೋಜನ್. ಒಂದು ಘನ ಮೀಟರಿನ ಮುಚ್ಚಿದ ಕಪಾಟಿನಲ್ಲಿ ಶೇಕಡ ನಾಲ್ಕರ ಗಡಿ ಮುಟ್ಟಲು ಒಂದು ಗಂಟೆ ಚಿಲ್ಲರೆ ಸಾಕು. ಹೈಡ್ರೋಜನ್ ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ, ನೇರ ಮೇಲಕ್ಕೆ ಏರುತ್ತದೆ. ಹಳೆಯ ಹೆಂಚಿನ ಮನೆ ಸಂದುಸಂದಿನಿಂದ ಅದನ್ನು ಬಿಟ್ಟುಕೊಡುತ್ತಿತ್ತು. ತಾರಸಿ ಮನೆ ಹಿಡಿದಿಡುತ್ತದೆ. ಆದ್ದರಿಂದ ಕಪಾಟಿಗೆ ಕಿಂಡಿ ಕೊರೆಯುವುದಾದರೆ ತಲೆಯಲ್ಲೂ ಬೇಕು, ಬುಡದಲ್ಲೊಂದೇ ಸಾಲದು. ದೇವರಮನೆಯ ಗೋಡೆಗೆ ಒತ್ತಿ, ದೀಪದ ಮಗ್ಗುಲಲ್ಲಿ ಇನ್ವರ್ಟರ್ ಇಡುವುದು ಒಳ್ಳೆಯದಲ್ಲ.

ನೀರು ಹಾಕುವ ಅಗತ್ಯವಿಲ್ಲದ, ವಾಲ್ವ್ ಇರುವ ಬ್ಯಾಟರಿಗಳು ಹುಟ್ಟಿದ ಅನಿಲವನ್ನು ಒಳಗೇ ಮತ್ತೆ ನೀರಾಗಿಸುತ್ತವೆ. ಮಿತಿಮೀರಿ ಚಾರ್ಜ್ ಆದರೆ ಇವುಗಳ ವಾಲ್ವೂ ತೆರೆದು ಅನಿಲ ಹೊರಬಿಡುತ್ತದೆ. ‘ಮೇಂಟೆನೆನ್ಸ್ ಫ್ರೀ’ ಎಂದರೆ ಅಪಾಯ ಫ್ರೀ ಎಂದಲ್ಲ. ವಿದ್ಯುತ್ ಸ್ಕೂಟರಿನ ಲಿಥಿಯಂ ಬ್ಯಾಟರಿಯ ಬೆಂಕಿ ಬೇರೆಯೇ ಜಾತಿ: ಅಲ್ಲಿ ಉರಿಯುವುದು ಕೋಶದೊಳಗಿನ ಸಾವಯವ ದ್ರಾವಣ, ಒಂದು ಕೋಶದ ಕಾವು ಪಕ್ಕದ್ದನ್ನು ಹೊತ್ತಿಸುತ್ತ ಹೋಗುತ್ತದೆ. 2022ರ ಸ್ಕೂಟರ್ ಬೆಂಕಿಗಳ ನಂತರ ಇಂಥ ಬ್ಯಾಟರಿಗಳ ಸುರಕ್ಷತೆಯ ಎ.ಐ.ಎಸ್. 156 ಮಾನಕವನ್ನು ಬಿಗಿಗೊಳಿಸಲಾಯಿತು.

ಸಿಡಿದಾಗ

ಸಿಡಿತ ಒಂದು ಕ್ಷಣದ್ದು. ಗಾಯ ಮಾಡುವುದು ಚೂರು ಮತ್ತು ಆಸಿಡ್, ಹೆಚ್ಚಾಗಿ ಮುಖಕ್ಕೆ, ಏಕೆಂದರೆ ಬ್ಯಾಟರಿಯ ಮೇಲೆ ಬಾಗಿ ನೋಡುತ್ತಿರುತ್ತೇವೆ. ಕಣ್ಣಿಗೆ ಬಿದ್ದರೆ ಕಣ್ಣುಜ್ಜದೆ, ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಇಪ್ಪತ್ತು ನಿಮಿಷ ಹರಿಸಬೇಕು. ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹರಕೆರೆಯ ಶಂಕರ ಕಣ್ಣಿನ ಆಸ್ಪತ್ರೆಗೋ ಅರ್ಧ ಗಂಟೆಯ ದಾರಿ. ತೊಳೆಯದೆ ಹೊರಟ ಕಣ್ಣಿಗೆ ಆ ಅರ್ಧ ಗಂಟೆ ತೀರ ದೀರ್ಘ. ತೊಳೆದ ಮೇಲೆ ಗಾಡಿ, 108. ಆಸಿಡ್ಡಿಗೆ ಸೋಡಾ ಮದ್ದು ಎಂದು ಕೇಳಿದವರು ಕಣ್ಣಿಗೂ ಅಡುಗೆ ಸೋಡಾ ಹಾಕಲು ಹೋಗುತ್ತಾರೆ. ಅದು ನೆಲಕ್ಕೆ, ಕಾರಿನ ಮೈಗೆ ಮಾತ್ರ. ಎಲೆ-ಅಡಿಕೆ ಪೆಟ್ಟಿಗೆಯ ಸುಣ್ಣವನ್ನಂತೂ ಹತ್ತಿರ ತರಲೇಬಾರದು. ಕ್ಷಾರದ ಗಾಯ ಆಮ್ಲದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ. ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ತೊಳೆಯುವುದು. ಹತ್ತಿ ಬಟ್ಟೆ ಆಗ ಏನೂ ಆಗದಂತೆ ಕಂಡರೂ ಒಗೆದಾಗ ತೂತುತೂತಾಗುತ್ತದೆ. ಇಷ್ಟೆಲ್ಲ ತಪ್ಪಿಸಲು ಒಂದು ಪ್ಲಾಸ್ಟಿಕ್ ಕನ್ನಡಕ, ಒಂದು ಜೊತೆ ರಬ್ಬರ್ ಗ್ಲೌಸ್ ಮತ್ತು ಪಕ್ಕದಲ್ಲೊಂದು ಬಕೆಟ್ ನೀರು ಸಾಕು. ಗ್ಯಾರೇಜುಗಳಲ್ಲಿ ಬಕೆಟ್ ಇರುತ್ತದೆ, ಕನ್ನಡಕ ವಿರಳ.

ಟರ್ಮಿನಲ್ ಮೇಲೆ ಬೆಳೆಯುವ ಬಿಳಿ-ಹಸಿರು ಬೂಷ್ಟನ್ನು ಬಿಸಿನೀರು ಸುರಿದು ತೊಳೆಯುವುದು ರೂಢಿ. ಮುಚ್ಚಳಗಳು ಭದ್ರವಾಗಿದ್ದರೆ ಅದರಲ್ಲಿ ತಪ್ಪಿಲ್ಲ. ಒಣಗಿದ ಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿ, ಕ್ಲಾಂಪ್ ಅಲುಗದಂತೆ ಬಿಗಿಯಬೇಕು. ಸಡಿಲ ಕ್ಲಾಂಪ್ ಕೂಡ ಕಿಡಿಯ ಮೂಲವೇ.

ಹಳೆಯ ಬ್ಯಾಟರಿಯನ್ನು ಮಾರಿದವರಿಗೇ ಹಿಂದಿರುಗಿಸುವ ಪದ್ಧತಿಗೆ 2001ರ ನಿಯಮಗಳು ಕಾನೂನಿನ ರೂಪ ಕೊಟ್ಟವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು. ಸೀಸಕ್ಕೆ ಬೆಲೆ ಇರುವುದರಿಂದ ಗುಜರಿಯವರೂ ಕೊಳ್ಳುತ್ತಾರೆ, ಕೆಲವರು ಆಸಿಡ್ ಚರಂಡಿಗೆ ಸುರಿದು ಪೆಟ್ಟಿಗೆ ಒಡೆಯುತ್ತಾರೆ. ಆ ಚರಂಡಿ ಸೇರುವುದು ತುಂಗೆಯನ್ನೋ ಭದ್ರೆಯನ್ನೋ. ಕೈಬಿಟ್ಟ ಬ್ಯಾಟರಿಯಲ್ಲೂ ಅನಿಲ ಉಳಿದಿರುತ್ತದೆ. ಲಾರಿ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಅದನ್ನು ಮೂಲೆಗೆ ತಳ್ಳಿ ಪಕ್ಕದಲ್ಲೇ ವೆಲ್ಡಿಂಗ್ ಹಚ್ಚುವುದುಂಟು. ವೆಲ್ಡಿಂಗಿನ ಕಿಡಿ ಹಲವು ಅಡಿ ಹಾರುತ್ತದೆ. ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡುವುದಾದರೆ ಬ್ಯಾಟರಿಯನ್ನು ಬಿಚ್ಚಿ, ಶೆಡ್ಡಿನ ಹೊರಗೆ, ನೆರಳಿನಲ್ಲಿ ಇಡಬೇಕು.